ನ್ಯೂಪೋರ್ಟಿನ ರಾತ್ರಿ, ಎರಡು ಮೈಕುಗಳು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯವೊಂದುಂಟು. ವಿಸ್ತೀರ್ಣದಲ್ಲಿ ಆ ದೇಶದ ಐವತ್ತು ರಾಜ್ಯಗಳ ಪೈಕಿ ಅತಿ ಚಿಕ್ಕದು ಅದು. ಅದರ ದಕ್ಷಿಣಕ್ಕೆ ಕಡಲು ನೆಲದೊಳಕ್ಕೆ ಕೈಚಾಚಿ ನ್ಯಾರಗನ್ಸೆಟ್ ಕೊಲ್ಲಿಯಾಗಿದೆ. ಕೊಲ್ಲಿಯ ಬಾಯಲ್ಲಿ ಅಕ್ವಿಡ್‌ನೆಕ್ ದ್ವೀಪ. ದ್ವೀಪದ ತುದಿಯಲ್ಲಿ ನ್ಯೂಪೋರ್ಟ್ ಪಟ್ಟಣ. ಇಂದು ಪಶ್ಚಿಮದಿಂದ ಬರುವ ಪ್ರವಾಸಿ ಎರಡು ಮೈಲಿಗೂ ಉದ್ದವಾದ ತೂಗುಸೇತುವೆಯ ಮೇಲೆ ಕಾರಿನಲ್ಲಿ ಸಾಗಿ ಊರನ್ನು ಸೇರುತ್ತಾನೆ. ಆ ಸೇತುವೆ ತೆರೆದದ್ದು 1969ರಲ್ಲಿ. ಅದಕ್ಕೆ ಮುಂಚೆ ಈ ದಿಕ್ಕಿನಿಂದ ಬರುವವರು ದೋಣಿಯ ಕಟ್ಟೆಯಲ್ಲಿ ಸಾಲುನಿಂತು ನೀರು ದಾಟಬೇಕಾಗಿತ್ತು.

1639ರಲ್ಲಿ ನೆಲೆಗೊಂಡ ಊರು ಇದು. ಬಂದರಿನ ಬೀದಿಗಳಲ್ಲಿ ಹದಿನೆಂಟನೆಯ ಶತಮಾನದ ಮರದ ಮನೆಗಳು ಈಗಲೂ ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಅವುಗಳ ಚೆಲುವನ್ನು ಮೆಚ್ಚುವಾಗ ಆ ಹಣ ಎಲ್ಲಿಂದ ಬಂದಿತೆಂಬುದನ್ನು ಮರೆಯಲಾಗದು. ಅಂದಿನ ನ್ಯೂಪೋರ್ಟ್ ಗುಲಾಮರ ವ್ಯಾಪಾರದ ದೊಡ್ಡ ರೇವು. ಇಲ್ಲಿ ಬಟ್ಟಿಯಿಳಿಸಿದ ರಮ್ ಮದ್ಯ ಆಫ್ರಿಕಾದ ತೀರಕ್ಕೆ ಹೋಗುತ್ತಿತ್ತು. ಹಡಗುಗಳು ಅಲ್ಲಿಂದ ಮನುಷ್ಯರನ್ನು ತುಂಬಿಕೊಂಡು ಹೊರಡುತ್ತಿದ್ದವು. ಊರಿನ ಹಳೆಯ ಸ್ಮಶಾನದ ಒಂದು ಬದಿಯಲ್ಲಿ ಆಫ್ರಿಕಾ ಮೂಲದವರ ಸಮಾಧಿಕಲ್ಲುಗಳು ಇಂದಿಗೂ ಇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಊರಿನ ಸ್ವರೂಪ ಬದಲಾಯಿತು. ನ್ಯೂಯಾರ್ಕಿನ ಕೋಟ್ಯಧೀಶರು ಬೇಸಿಗೆಯ ಆರೇಳು ವಾರಗಳನ್ನು ಕಡಲ ಗಾಳಿಯಲ್ಲಿ ಕಳೆಯಲೆಂದು ಬೆಲ್‌ವ್ಯೂ ರಸ್ತೆಯ ಉದ್ದಕ್ಕೂ ಅರಮನೆಗಳನ್ನು ಕಟ್ಟಿಸಿದರು. ಅವುಗಳನ್ನು ಅವರು ಕರೆದದ್ದು 'ಕಾಟೇಜು'ಗಳೆಂದು! ವ್ಯಾಂಡರ್‌ಬಿಲ್ಟ್ ಮನೆತನದವರು 1895ರಲ್ಲಿ ಮುಗಿಸಿದ 'ದಿ ಬ್ರೇಕರ್ಸ್' ಎಂಬ ಇಂಥದೊಂದು ಕಾಟೇಜಿನಲ್ಲಿ ಎಪ್ಪತ್ತು ಕೋಣೆಗಳಿವೆ. ಶ್ರೀಮಂತರ ವಿನಯಕ್ಕೂ ಒಂದು ಅಳತೆಯಿರುತ್ತದೆಯೆಂದು ಕಾಣುತ್ತದೆ. ಈಗ ಅದು ಟಿಕೆಟ್ ಕೊಂಡವರೆಲ್ಲ ನೋಡಬಹುದಾದ ಪ್ರದರ್ಶನಶಾಲೆ. ಅದರ ಹಿಂಬದಿಯಲ್ಲಿ ಕಡಲಿನ ಬಂಡೆಗಳಂಚಿನಲ್ಲೇ ಮೂರೂವರೆ ಮೈಲಿ ಉದ್ದದ ಕಾಲುದಾರಿ. ಒಂದು ಮಗ್ಗುಲಲ್ಲಿ ಅಟ್ಲಾಂಟಿಕ್ ಸಾಗರ, ಇನ್ನೊಂದು ಮಗ್ಗುಲಲ್ಲಿ ಮಹಲುಗಳ ಹುಲ್ಲುಹಾಸು.

ಇಂಥ ಊರಿಗೆ ಜಾಝ್ ಸಂಗೀತ ಬಂದದ್ದೇ ಒಂದು ವಿಚಿತ್ರ. ನ್ಯೂ ಆರ್ಲಿಯನ್ಸಿನ ನೀಗ್ರೋ ಜನರ ಬೀದಿಗಳಲ್ಲಿ ಹುಟ್ಟಿ, ಹೊಗೆ ತುಂಬಿದ ಪಾನಗೃಹಗಳಲ್ಲಿ ಬೆಳೆದ ಕಲೆ ಅದು. ಅದನ್ನು ತಮ್ಮ ನಗರದ ಬೇಸಿಗೆಗೆ ಕರೆತರಬೇಕೆಂಬ ಮನಸ್ಸು ಮಾಡಿದವರು ಹೊಗೆಸೊಪ್ಪಿನ ಉದ್ಯಮದ ಮನೆತನಕ್ಕೆ ಸೇರಿದ ಲೂಯಿ ಲೋರಿಲಾರ್ಡ್ ಮತ್ತು ಅವರ ಪತ್ನಿ ಇಲೇನ್. ಕಾರ್ಯಭಾರ ಹೊತ್ತವರು ಜಾರ್ಜ್ ವೀನ್. ಬಾಸ್ಟನ್ ನಗರದಲ್ಲಿ ಸಂಗೀತದ ಕ್ಲಬ್ಬು ನಡೆಸುತ್ತಿದ್ದ ಪಿಯಾನೋ ವಾದಕ. 1954ರ ಜುಲೈಯಲ್ಲಿ ಮೊದಲ ಉತ್ಸವ ನಡೆದದ್ದು ಬೆಲ್‌ವ್ಯೂ ರಸ್ತೆಯ ನ್ಯೂಪೋರ್ಟ್ ಕ್ಯಾಸಿನೋದಲ್ಲಿ. ಹೆಸರು ಕೇಳಿ ಜೂಜುಕಟ್ಟೆಯೆಂದು ತಿಳಿಯಬೇಕಾಗಿಲ್ಲ; ಅಮೆರಿಕದ ರಾಷ್ಟ್ರೀಯ ಟೆನಿಸ್ ಪಂದ್ಯಗಳು 1881ರಲ್ಲಿ ಮೊದಲು ನಡೆದ ಕ್ರೀಡಾವಿಹಾರ ಅದು. ಸಂಗೀತ ಕೇಳಲು ನೆರೆದ ಸಾವಿರಾರು ಕಾಲುಗಳಿಗೆ ಸಿಕ್ಕಿ ಅಲ್ಲಿಯ ಹುಲ್ಲುಹಾಸು ಏನಾಗಿರಬಹುದೆಂಬುದನ್ನು ಊಹಿಸಬಹುದು. ಮರುವರ್ಷ ಉತ್ಸವವು ಸಮೀಪದ ಫ್ರೀಬಾಡಿ ಪಾರ್ಕ್ ಎಂಬ ಪುರಸಭೆಯ ಆಟದ ಬಯಲಿಗೆ ಸಾಗಿತು.

ಆ ಬಯಲಿನಲ್ಲಿಯೇ ನಡೆದ ಒಂದು ರಾತ್ರಿಯ ಕಚೇರಿ, ಅದರ ಧ್ವನಿಮುದ್ರಿಕೆ, ಮತ್ತು ಆ ಧ್ವನಿಮುದ್ರಿಕೆಯೊಳಗೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಡಗಿದ್ದ ಒಂದು ಗುಟ್ಟು ನ್ಯೂಪೋರ್ಟಿನ ಯಾವ ಮಹಲಿನ ಚರಿತ್ರೆಗಿಂತಲೂ ಸ್ವಾರಸ್ಯವಾದದ್ದು.

ಬಯಲಿನಲ್ಲಿ ಸಂಗೀತವನ್ನು ಮುದ್ರಿಸುವುದು ಸುಲಭದ ಕೆಲಸವಲ್ಲ. ಕೋಣೆಯಾದರೆ ಗೋಡೆಗಳು ನಾದವನ್ನು ಹಿಂತಿರುಗಿಸಿ ಅದಕ್ಕೊಂದು ತುಂಬು ಕೊಡುತ್ತವೆ. ಬಯಲಿನಲ್ಲಿ ಹೊರಟ ನಾದ ಹೊರಟೇ ಹೋಯಿತು. ಮೈಕಿನ ಮೇಲೆ ಕಡಲ ಗಾಳಿ ಬಡಿದರೆ ಗುಡುಗಿನಂತೆ ಕೇಳುತ್ತದೆ. ಒಂದು ತಂಡ ಇಳಿದು ಇನ್ನೊಂದು ತಂಡ ಏರುವ ನಡುವೆ ದೊರೆಯುವ ಅವಕಾಶ ಅಲ್ಪ. ಹದಿನೈದು ಮಂದಿ ವಾದಕರಲ್ಲಿ ಯಾರು ಯಾವಾಗ ಎದ್ದು ಎಲ್ಲಿ ನಿಂತು ನುಡಿಸುವರೆಂದು ಯಂತ್ರದ ಮುಂದೆ ಕುಳಿತವನಿಗೆ ಮುನ್ಸೂಚನೆಯಿರುವುದಿಲ್ಲ. ರಾಮನವಮಿಯ ಚಪ್ಪರದ ಕಚೇರಿಯನ್ನು ಟೇಪಿನಲ್ಲಿ ಹಿಡಿದಿಟ್ಟು ಮನೆಯಲ್ಲಿ ಕೇಳಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಮೃದಂಗ ಕಿವಿಯ ಪಕ್ಕದಲ್ಲಿರುತ್ತದೆ, ಗಾಯಕರು ಮುಂದಿನ ಬೀದಿಯಲ್ಲಿರುತ್ತಾರೆ!

ಮೈಕಿನ ಮುಂದೆ ನಿಲ್ಲುವ ಒಂದೆರಡು ಅಂಗುಲದ ವ್ಯತ್ಯಾಸದಿಂದ ಕಲಾವಿದನ ಭಾಗ್ಯವೇ ತಿರುಗುವುದೂ ಉಂಟು. 1955ರಲ್ಲಿ ಇದೇ ಫ್ರೀಬಾಡಿ ಪಾರ್ಕಿನಲ್ಲಿ ಮೈಲ್ಸ್ ಡೇವಿಸ್ ಎಂಬ ತರುಣ ತಮ್ಮ ಟ್ರಂಪೆಟ್ಟಿನ ಬಾಯನ್ನು ಮೈಕಿಗೆ ಹೆಚ್ಚುಕಡಿಮೆ ತಾಗಿಸಿಯೇ 'ರೌಂಡ್ ಮಿಡ್‌ನೈಟ್' ಎಂಬ ಕೃತಿಯನ್ನು ನುಡಿಸಿದರು. ಪಿಸುಮಾತಿನಂಥ ಆ ನಾದ ಬಯಲನ್ನೆಲ್ಲ ತುಂಬಿತು. ಅದನ್ನು ಕೇಳಿದ ಕೊಲಂಬಿಯಾ ಧ್ವನಿಮುದ್ರಣ ಸಂಸ್ಥೆಯ ಜಾರ್ಜ್ ಅವಾಕಿಯನ್ ಅವರು ಡೇವಿಸರನ್ನು ತಮ್ಮ ಸಂಸ್ಥೆಗೆ ಸೇರಿಸಿಕೊಂಡರು. ಮರುವರ್ಷ ಅದೇ ಅವಾಕಿಯನ್ ಯಂತ್ರಸಾಮಗ್ರಿಯೊಡನೆ ನ್ಯೂಪೋರ್ಟಿಗೆ ಬಂದರು. ಉತ್ಸವದ ಕಚೇರಿಗಳನ್ನು ಸ್ಥಳದಲ್ಲಿಯೇ ಮುದ್ರಿಸಿ ತಟ್ಟೆಗಳಾಗಿ ಹೊರತರುವುದು ಅವರ ಉದ್ದೇಶ. ವೇದಿಕೆಯ ಮೇಲೆ ಕೊಲಂಬಿಯಾದ ಮೈಕಿನ ಜೊತೆಗೆ ಇನ್ನೊಂದು ಮೈಕೂ ಇದ್ದಿತು. ಅದು ಅಮೆರಿಕ ಸರ್ಕಾರದ ವಿದೇಶ ಪ್ರಸಾರ ಸಂಸ್ಥೆಯಾದ ವಾಯ್ಸ್ ಆಫ್ ಅಮೆರಿಕಾದ್ದು. ಆಗ ಆ ಬಾನುಲಿಯವರು ಜಾಝ್ ಸಂಗೀತವನ್ನು ಲೋಕದ ಮೂಲೆಮೂಲೆಗೆ ಪ್ರಸಾರ ಮಾಡುತ್ತಿದ್ದರು.

1956ರ ಜುಲೈ 7, ಶನಿವಾರ. ಅಂದಿನ ಮುಖ್ಯ ಆಕರ್ಷಣೆ ಡ್ಯೂಕ್ ಎಲಿಂಗ್ಟನ್ ಮತ್ತು ಅವರ ವಾದ್ಯವೃಂದ. ಎಲಿಂಗ್ಟನ್‌ಗೆ ಆಗ ಐವತ್ತೇಳು ವರ್ಷ. ಮೂವತ್ತರ ದಶಕದಲ್ಲಿ ದೇಶವೇ ಕುಣಿದ ಸಂಗೀತ ಅವರದು. ಆದರೆ ಯುದ್ಧದ ತರುವಾಯ ದೊಡ್ಡ ವಾದ್ಯವೃಂದಗಳ ಕಾಲ ಮುಗಿಯಿತೆಂಬ ಮಾತು ಹಬ್ಬಿತ್ತು. ಹಿಂದಿನ ಬೇಸಿಗೆಯಲ್ಲಿ ಅವರು ನ್ಯೂಯಾರ್ಕಿನ ಹೊರವಲಯದಲ್ಲಿ ಜಲಕ್ರೀಡೆಯ ಪ್ರದರ್ಶನವೊಂದಕ್ಕೆ ಹಿನ್ನೆಲೆ ಸಂಗೀತ ಒದಗಿಸಿ ಕಾಲ ನೂಕಿದ್ದರು. ಸಂಬಳದ ದಿನಕ್ಕೆ ಸಂಬಳ ಕೊಟ್ಟು ವಾದಕರನ್ನು ಚದರಗೊಡದೆ ಇಟ್ಟುಕೊಂಡಿದ್ದರೆಂಬುದೇ ಆ ವರ್ಷಗಳ ಅವರ ಸಾಧನೆ.

ಆ ರಾತ್ರಿಯೂ ಆರಂಭ ಸುಖವಾಗಿರಲಿಲ್ಲ. ಕಚೇರಿ ಮೊದಲಾದಾಗ ವೃಂದದ ಕೆಲವರು ಬಂದೇ ಇರಲಿಲ್ಲ. ಇದ್ದವರು ಎರಡು ಮೂರು ಕೃತಿ ನುಡಿಸಿ ಕೆಳಗಿಳಿದರು. ಬೇರೆಬೇರೆ ತಂಡಗಳು ಏರಿ ಇಳಿದವು. ಎಲಿಂಗ್ಟನ್ ಮೂರು ಗಂಟೆಯ ಕಾಲ ಹಿಂದೆ ಕಾದು ಕುಳಿತಿದ್ದರು. ಮತ್ತೆ ಅವರ ಸರದಿ ಬಂದಾಗ ಮಧ್ಯರಾತ್ರಿಗೆ ಕಾಲು ಗಂಟೆ ಉಳಿದಿತ್ತು. ಸುಮಾರು 7,000 ಶ್ರೋತೃಗಳಲ್ಲಿ ಕೆಲವರು ಆಗಲೇ ಎದ್ದು ಮನೆಯ ದಾರಿ ಹಿಡಿದಿದ್ದರು.

ಉತ್ಸವಕ್ಕೆಂದೇ ಎಲಿಂಗ್ಟನ್ ಮತ್ತು ಅವರ ಸಹಚರ ಬಿಲ್ಲಿ ಸ್ಟ್ರೇಹಾರ್ನ್ ರಚಿಸಿದ್ದ ಹೊಸ ಕೃತಿಮಾಲೆಯನ್ನು ನುಡಿಸಿದರು. ಅಭ್ಯಾಸ ಸಾಲದಾಗಿತ್ತು, ಅಲ್ಲಲ್ಲಿ ತಡವರಿಸಿತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಇನ್ನೊಂದೆರಡು ಹಾಡಾದ ಮೇಲೆ ಎಲಿಂಗ್ಟನ್ ತಮ್ಮ 1937ರ ಹಳೆಯ ರಚನೆಯೊಂದನ್ನು ಎತ್ತಿಕೊಂಡರು: 'ಡಿಮಿನ್ಯುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ'. ಹೆಸರೇ ಹೇಳುವಂತೆ ಅದಕ್ಕೆ ಎರಡು ಭಾಗ. ಒಂದು ನಾದ ಇಳಿಯುತ್ತ ಹೋಗುವುದು, ಇನ್ನೊಂದು ಏರುತ್ತ ಬರುವುದು. ಇವೆರಡರ ನಡುವಣ ಬಿಡುವನ್ನು ತುಂಬುವ ಕೆಲಸ ಪಾಲ್ ಗೊನ್ಸಾಲ್ವೆಸ್ ಎಂಬ ವಾದಕರಿಗೆ ಬಂದಿತು. ಮನಸ್ಸಿಗೆ ಬಂದಷ್ಟು ಹೊತ್ತು ನುಡಿಸಬಹುದೆಂದು ನಾಯಕರ ಅಪ್ಪಣೆಯೂ ಆಗಿತ್ತು.

ಗೊನ್ಸಾಲ್ವೆಸ್ ಒಂದು ಲೆಕ್ಕಕ್ಕೆ ಆ ಸೀಮೆಯ ಹುಡುಗನೇ. ಅವರ ತಂದೆತಾಯಿಗಳು ಆಫ್ರಿಕಾದ ಪಶ್ಚಿಮಕ್ಕಿರುವ ಕೇಪ್ ವರ್ಡ್ ದ್ವೀಪಗಳ ಕಡೆಯವರು. ಬಾಲ್ಯ ಕಳೆದದ್ದು ಇದೇ ರೋಡ್ ಐಲೆಂಡಿನ ಪಾಟಕೆಟ್ ಎಂಬ ಗಿರಣಿಗಳ ಊರಿನಲ್ಲಿ. ಮೂವತ್ತಾರನೆಯ ಹುಟ್ಟುಹಬ್ಬಕ್ಕೆ ಅಂದಿಗೆ ಐದು ದಿನ ಬಾಕಿಯಿತ್ತು. ಅವರ ವಾದ್ಯ ಟೆನರ್ ಸ್ಯಾಕ್ಸೋಫೋನು. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ವಾದ್ಯದ ಹಿರಿಯ ಸಹೋದರನೆನ್ನಬಹುದು. ಅದಕ್ಕಿಂತ ದೊಡ್ಡದು, ದನಿ ಇನ್ನಷ್ಟು ಮಂದ್ರ.

ಬ್ಲೂಸ್ ಎಂಬ ಬಂಧದಲ್ಲಿ ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಅಂಕಣಗಳು ಸೇರಿ ಒಂದು ಸುತ್ತು. ತಾಳ ಬಲ್ಲವರು ಅದನ್ನು ನಲವತ್ತೆಂಟು ಎಣಿಕೆಯ ಒಂದು ಆವರ್ತವೆಂದು ಭಾವಿಸಿದರೆ ತಪ್ಪಿಲ್ಲ. ಒಬ್ಬ ವಾದಕ ನಾಲ್ಕಾರು ಆವರ್ತ ತನಿಯಾಗಿ ನುಡಿಸಿ ಕೂರುವುದು ವಾಡಿಕೆ. ಗೊನ್ಸಾಲ್ವೆಸ್ ಕಣ್ಣುಮುಚ್ಚಿ ತೊಡಗಿದವರು ಹತ್ತಾದರೂ ನಿಲ್ಲಲಿಲ್ಲ, ಹದಿನೈದಾದರೂ ನಿಲ್ಲಲಿಲ್ಲ. ಹಿಂದೆ ಕೇವಲ ಡ್ರಮ್ಮು, ಬಾಸು, ಆಗಾಗ ಎಲಿಂಗ್ಟನ್ನರ ಪಿಯಾನೋದ ಒಂದೆರಡು ಹೊಡೆತ. ವೇದಿಕೆಯ ಮರೆಯಲ್ಲಿ ನಿಂತಿದ್ದ ಹಿರಿಯ ಡ್ರಮ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ವೃತ್ತಪತ್ರಿಕೆಯಿಂದ ಹಲಗೆಯ ಮೇಲೆ ತಾಳ ಹಾಕಿ ಹುರಿದುಂಬಿಸತೊಡಗಿದರು. ಮುಂದಿನ ಸಾಲಿನ ಪೆಟ್ಟಿಗೆಯಾಸನದಿಂದ ಕಪ್ಪು ಉಡುಪಿನ ಹೊಂಗೂದಲಿನ ಮಹಿಳೆಯೊಬ್ಬರು ಎದ್ದು ಕುಣಿಯಲಾರಂಭಿಸಿದರು. ಅವರನ್ನು ನೋಡಿ ಇನ್ನಷ್ಟು ಜನ. ಹೊರಟವರು ಬಾಗಿಲಿನಿಂದ ಹಿಂತಿರುಗಿ ಓಡಿಬಂದರು. ಕುರ್ಚಿಯ ಮೇಲೆ ಹತ್ತಿ ನಿಂತರು. ಸಾಧಾರಣವಾಗಿ ಸದ್ದಿಲ್ಲದೆ ಕಾಲುಮೇಲೆ ಕಾಲು ಹಾಕಿ ಕೇಳುವ ಮಂದಿ ಇವರೇ ಏನು ಎಂದು ಬೆರಗಾಗುವಂತೆ ಕೂಗು ಎದ್ದಿತು. ಇಪ್ಪತ್ತೇಳು ಆವರ್ತಗಳಾದ ಮೇಲೆ ಗೊನ್ಸಾಲ್ವೆಸ್ ನಿಲ್ಲಿಸಿದರು. ಲೆಕ್ಕ ಹಾಕಿದರೆ 324 ಅಂಕಣ. ಎರಡನೆಯ ಭಾಗಕ್ಕೆ ವೃಂದವೆಲ್ಲ ಒಂದಾಗಿ ಏರಿದಾಗ ಬಯಲು ಬಯಲಾಗಿ ಉಳಿಯಲಿಲ್ಲ. ದೊಂಬಿಯಾದೀತೆಂದು ಹೆದರಿದ ವೀನ್ ಅವರು ಕಚೇರಿಯನ್ನು ಮುಗಿಸಬೇಕೆಂದು ಒತ್ತಾಯಿಸಿದರು. ಅನುಭವಿಯಾದ ಎಲಿಂಗ್ಟನ್ ಒಪ್ಪಲಿಲ್ಲ. ಕೆರಳಿದ ಜನವನ್ನು ಹಾಗೆಯೇ ಬಿಟ್ಟು ಇಳಿಯುವುದೇ ಅಪಾಯವೆಂದು ಬಲ್ಲ ಅವರು ಮತ್ತೆ ಕೆಲವು ಕೃತಿ ನುಡಿಸಿ, ಮೆಲ್ಲನೆ ತಣಿಸಿ, ಆಮೇಲೆ ವಿದಾಯ ಹೇಳಿದರು.

ಆಗಸ್ಟ್ 20ರ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್ನರ ಚಿತ್ರ ಬಂದಿತು. ಆ ರಾತ್ರಿಯ ಹೆಸರಿನ ತಟ್ಟೆ, 'ಎಲಿಂಗ್ಟನ್ ಅಟ್ ನ್ಯೂಪೋರ್ಟ್', ಅವರ ಜೀವಮಾನದಲ್ಲೇ ಅತ್ಯಂತ ಹೆಚ್ಚು ಮಾರಾಟವಾಯಿತು. ತಾವು ಹುಟ್ಟಿದ್ದೇ 1956ರ ನ್ಯೂಪೋರ್ಟಿನಲ್ಲಿ ಎಂದು ಅವರು ಆಮೇಲೆ ನಗುತ್ತ ಹೇಳಿಕೊಳ್ಳುತ್ತಿದ್ದರು.

ಆದರೆ ಆ ತಟ್ಟೆಯನ್ನು ಮನೆಗೆ ತಂದು ಕೇಳಿದವರಿಗೆ ಒಂದು ಸಂಗತಿ ಅರ್ಥವಾಗುತ್ತಿರಲಿಲ್ಲ. ಜನ ಹುಚ್ಚೆದ್ದು ಕೂಗುತ್ತಿರುವುದು ಸ್ಪಷ್ಟ. ಅವರನ್ನು ಹುಚ್ಚೆಬ್ಬಿಸಿದ ಸ್ಯಾಕ್ಸೋಫೋನು ಮಾತ್ರ ಎಲ್ಲೋ ದೂರದಲ್ಲಿ, ಪರದೆಯ ಹಿಂದೆ ನುಡಿದಂತೆ ಕೇಳುತ್ತಿತ್ತು. ಕಾರಣ ಸರಳ. ಎದ್ದು ಮುಂದೆ ಬಂದ ಗೊನ್ಸಾಲ್ವೆಸ್ ಎರಡು ಮೈಕುಗಳಲ್ಲಿ ತಪ್ಪಾದುದರ ಮುಂದೆ ನಿಂತುಬಿಟ್ಟಿದ್ದರು. ಇಪ್ಪತ್ತೇಳು ಆವರ್ತಗಳನ್ನೂ ಅವರು ನುಡಿಸಿದ್ದು ವಾಯ್ಸ್ ಆಫ್ ಅಮೆರಿಕಾದ ಮೈಕಿಗೆ. ಕೊಲಂಬಿಯಾದ ಮೈಕಿಗೆ ಬಿದ್ದದ್ದು ಪಕ್ಕದಿಂದ ಸೋರಿದ ನಾದ.

ಗುಟ್ಟು ಇಷ್ಟೇ ಆಗಿದ್ದರೆ ಅದನ್ನು ದುರದೃಷ್ಟವೆಂದು ಬಿಡಬಹುದಾಗಿತ್ತು. ಹೊಸ ಕೃತಿಮಾಲೆ ಚೆನ್ನಾಗಿ ಬರಲಿಲ್ಲವೆಂಬ ಕೊರಗು ಎಲಿಂಗ್ಟನ್‌ಗೆ ಇತ್ತಷ್ಟೆ. ಕಚೇರಿಯಾದ ಎರಡನೆಯ ದಿನವೇ, ಜುಲೈ 9ರಂದು, ವೃಂದವೆಲ್ಲ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಕುಳಿತು ಅದನ್ನು ಮತ್ತೊಮ್ಮೆ ನುಡಿಸಿತು. ಆ ಸ್ಟುಡಿಯೋ ಮುದ್ರಣದ ಭಾಗಗಳನ್ನು ಬಯಲಿನ ಮುದ್ರಣದೊಡನೆ ಹೊಲಿದು, ಮೇಲೆ ಕೃತಕವಾಗಿ ಜನರ ಚಪ್ಪಾಳೆ, ಕೇಕೆಗಳನ್ನು ಸೇರಿಸಲಾಯಿತು. ಲಕ್ಷಾಂತರ ಜನ ನ್ಯೂಪೋರ್ಟಿನ ರಾತ್ರಿಯೆಂದು ಕಣ್ಣರಳಿಸಿ ಕೇಳಿದ್ದರಲ್ಲಿ ಒಂದು ದೊಡ್ಡ ಪಾಲು ನ್ಯೂಪೋರ್ಟಿನದೂ ಅಲ್ಲ, ರಾತ್ರಿಯದೂ ಅಲ್ಲ. 1958ರಲ್ಲಿ ಎಲಿಂಗ್ಟನ್ ಮತ್ತೆ ಉತ್ಸವಕ್ಕೆ ಬಂದಾಗಲೂ ತಟ್ಟೆಯ ಮಟ್ಟಿಗೆ ಹೆಚ್ಚುಕಡಿಮೆ ಇದೇ ಉಪಾಯ ನಡೆಯಿತು.

ಇದನ್ನು ಮೋಸವೆಂದು ಕರೆಯಬೇಕೆ? ಕಠಿಣವಾಗಿ ನೋಡಿದರೆ ಹೌದು. ಆದರೆ ತನ್ನ ಕೃತಿ ತಪ್ಪಿಲ್ಲದೆ ಲೋಕಕ್ಕೆ ಹೋಗಬೇಕೆಂದು ಬಯಸುವ ರಚನಕಾರನ ಹಂಬಲವನ್ನು ತಿರಸ್ಕರಿಸುವುದೂ ಕಷ್ಟ. ಲೇಖಕನು ಕರಡಚ್ಚು ತಿದ್ದುವುದಿಲ್ಲವೇ? ತಿದ್ದಿದ್ದರಲ್ಲಿ ತಪ್ಪಿಲ್ಲ, ತಿದ್ದಿದ ಮೇಲೆ ಚಪ್ಪಾಳೆ ಹಚ್ಚಿದ್ದೇ ಸಹಿಸಲಾರದ್ದು. ವ್ಯಂಗ್ಯವೆಂದರೆ, ಯಾರೂ ಮತ್ತೊಮ್ಮೆ ನುಡಿಸಲಾಗದಿದ್ದ, ತಿದ್ದುವ ಪ್ರಶ್ನೆಯೇ ಇರದಿದ್ದ ಒಂದೇ ಒಂದು ಭಾಗ ಆ ಇಪ್ಪತ್ತೇಳು ಆವರ್ತಗಳು. ತಟ್ಟೆಯಲ್ಲಿ ಅತ್ಯಂತ ಮಸುಕಾಗಿ ಉಳಿದದ್ದೂ ಅವೇ.

ಗೊನ್ಸಾಲ್ವೆಸ್ ಮುಂದೆಯೂ ಎಲಿಂಗ್ಟನ್ನರ ಬಳಿಯೇ ಉಳಿದರು. 1963ರಲ್ಲಿ ಅಮೆರಿಕ ಸರ್ಕಾರ ಈ ವೃಂದವನ್ನು ಏಷ್ಯಾದ ಪ್ರವಾಸಕ್ಕೆ ಕಳುಹಿಸಿದಾಗ ಅವರು ಭಾರತಕ್ಕೂ ಬಂದಿದ್ದರು. ಆ ಪ್ರವಾಸದ ನೆನಪಿನಿಂದ ಹುಟ್ಟಿದ 'ಫಾರ್ ಈಸ್ಟ್ ಸೂಟ್' ಎಂಬ ಕೃತಿಮಾಲೆಯಲ್ಲಿ ದೆಹಲಿಯ ಮೈನಾ ಹಕ್ಕಿಗೊಂದು, ಆಗ್ರಾಕ್ಕೊಂದು ರಚನೆ ಸೇರಿದೆ. ಊರೂರಿನ ಶ್ರೋತೃಗಳು ನ್ಯೂಪೋರ್ಟಿನ ತನಿಯನ್ನೇ ನುಡಿಸೆಂದು ಕೇಳುತ್ತಿದ್ದುದರಿಂದ ಅವರ ಪಾಲಿಗೆ ಅದು ಹೊರೆಯೂ ಆಯಿತು. ಮೃದುವಾದ ಗೀತೆಗಳನ್ನು ಅವರಷ್ಟು ಹೃದಯಂಗಮವಾಗಿ ನುಡಿಸುವವರು ಅಪರೂಪವೆಂಬುದು ಮರೆಯಲ್ಲಿ ಬಿದ್ದಿತು. 1974ರ ಮೇ 15ರಂದು ಲಂಡನ್ನಿನಲ್ಲಿ ಗೊನ್ಸಾಲ್ವೆಸ್ ತೀರಿಕೊಂಡರು. ಒಂಬತ್ತೇ ದಿನಗಳ ಅನಂತರ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಎಲಿಂಗ್ಟನ್ ಕಣ್ಣುಮುಚ್ಚಿದರು. ಸ್ಯಾಕ್ಸೋಫೋನು ಏಕೆ ದೂರದಲ್ಲಿ ಕೇಳುತ್ತದೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

1996ರಲ್ಲಿ ವಾಯ್ಸ್ ಆಫ್ ಅಮೆರಿಕಾದ ಹಳೆಯ ಟೇಪುಗಳ ಸಂಗ್ರಹದಲ್ಲಿ ಆ ರಾತ್ರಿಯ ಮುದ್ರಣ ಪತ್ತೆಯಾಯಿತು. ಗೊನ್ಸಾಲ್ವೆಸ್ ನಿಂತಿದ್ದ ಮೈಕಿನ ಟೇಪು! ಅದರಲ್ಲಿ ಇಪ್ಪತ್ತೇಳೂ ಆವರ್ತಗಳು ಎದುರಿಗೆ ನಿಂತು ನುಡಿಸಿದಂತೆ ಇದ್ದವು. ಫಿಲ್ ಷಾಪ್ ಎಂಬ ಜಾಝ್ ಚರಿತ್ರಕಾರರು ಕೊಲಂಬಿಯಾದ ಟೇಪನ್ನೂ ಇದನ್ನೂ ಎದುರುಬದುರು ಇಟ್ಟು ಹೊಂದಿಸುವ ಕೆಲಸಕ್ಕೆ ಕೈಹಾಕಿದರು. ಹೇಳುವಷ್ಟು ಸುಲಭವಲ್ಲ ಅದು. ಎರಡು ಟೇಪುಯಂತ್ರಗಳು ಎಂದೂ ಸಮವೇಗದಲ್ಲಿ ಓಡುವುದಿಲ್ಲ. ಕೂದಲೆಳೆಯಷ್ಟು ಹಿಂದುಮುಂದಾದರೂ ಒಂದು ಡ್ರಮ್ಮಿನ ಪೆಟ್ಟು ಎರಡಾಗಿ ಕೇಳುತ್ತದೆ. ಹೊಂದಿಕೆ ಕೂಡಿದಾಗ ಮಾತ್ರ ಯಾರೂ ಯೋಜಿಸದಿದ್ದ ಲಾಭವೊಂದು ದೊರೆಯಿತು. ಎರಡು ಮೈಕುಗಳು ವೇದಿಕೆಯ ಎರಡು ಕಡೆಯಿಂದ ಒಂದೇ ಕಚೇರಿಯನ್ನು ಕೇಳಿದ್ದುದರಿಂದ, ಒಂದನ್ನು ಎಡಗಿವಿಗೂ ಇನ್ನೊಂದನ್ನು ಬಲಗಿವಿಗೂ ಕೊಟ್ಟಾಗ, ಅಂದು ಸ್ಟೀರಿಯೋ ವಿಧಾನದಲ್ಲಿ ಮುದ್ರಿಸದೆ ಇದ್ದ ರಾತ್ರಿ ಸ್ಟೀರಿಯೋ ಆಗಿ ತೆರೆದುಕೊಂಡಿತು. ಎಲಿಂಗ್ಟನ್ನರ ಜನ್ಮಶತಮಾನೋತ್ಸವದ ವರ್ಷವಾದ 1999ರಲ್ಲಿ ಇಡೀ ಕಚೇರಿ ಎರಡು ಸಿ.ಡಿ.ಗಳಾಗಿ ಹೊರಬಂದಿತು. ಸ್ಟುಡಿಯೋದಲ್ಲಿ ನುಡಿಸಿದ್ದನ್ನು ಪ್ರಾಮಾಣಿಕವಾಗಿ ಬೇರೆಯಾಗಿಯೇ ಇಡಲಾಯಿತು.

ಹಳೆಯದನ್ನೂ ಹೊಸದನ್ನೂ ಒಂದರ ಹಿಂದೊಂದು ಕೇಳಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹೊಸದರಲ್ಲಿ ಕೃತಿಮಾಲೆ ಅಂದು ತಡವರಿಸಿದಂತೆಯೇ ತಡವರಿಸುತ್ತದೆ, ಚಪ್ಪಾಳೆಯೂ ಅಂದಿನಷ್ಟೇ. ಅದಾದ ಮೇಲೆ ಗೊನ್ಸಾಲ್ವೆಸ್ ಮುಂದೆ ಬರುತ್ತಾರೆ. ಮೊದಲ ಆವರ್ತಗಳಲ್ಲಿ ಆತುರವಿಲ್ಲ, ಅಬ್ಬರವಿಲ್ಲ. ಏಳೆಂಟರ ಹೊತ್ತಿಗೆ ಹಿಂದಿನಿಂದ ಎಲಿಂಗ್ಟನ್ನರ ಕೂಗು ಕೇಳುತ್ತದೆ, ವಾದಕನನ್ನು ಬೆನ್ನುತಟ್ಟುವ ಕೂಗು. ಆಮೇಲೆ ಜನರ ಗುಜುಗುಜು ಬೆಳೆಯುತ್ತ ಹೋಗುವುದು ಮೆಟ್ಟಿಲು ಮೆಟ್ಟಿಲಾಗಿ ತಿಳಿಯುತ್ತದೆ. ಯಾವ ಪದಗುಚ್ಛಕ್ಕೆ ಯಾವ ಕೂಗು ಉತ್ತರವೆಂಬುದೂ ತಿಳಿಯುತ್ತದೆ. ಹಳೆಯ ತಟ್ಟೆಯಲ್ಲಿ ಉತ್ತರ ಮಾತ್ರ ಇತ್ತು.

ಉತ್ಸವದ ಮುಂದಿನ ಕಥೆ ಉದ್ದವಾದದ್ದು. 1960ರಲ್ಲಿ ಒಳಗೆ ಜಾಗ ಸಿಗದ ತರುಣರು ಕುಡಿದು ಬೀದಿಯಲ್ಲಿ ದೊಂಬಿಯೆಬ್ಬಿಸಿದರು. ಅಶ್ರುವಾಯು ಹಾರಿತು, ಉತ್ಸವ ಅರ್ಧಕ್ಕೆ ನಿಂತಿತು. 1971ರಲ್ಲಿ ಮತ್ತೆ ಬೇಲಿ ಮುರಿದು ನುಗ್ಗಿದರು. ಮರುವರ್ಷ ವೀನ್ ಉತ್ಸವವನ್ನು ನ್ಯೂಯಾರ್ಕಿಗೆ ಒಯ್ದರು. 1981ರಲ್ಲಿ ಅದು ನ್ಯೂಪೋರ್ಟಿಗೆ ಮರಳಿ ಬಂದಾಗ ನೆಲೆಯಾದದ್ದು ಬಂದರಿನ ಬಾಯಲ್ಲಿರುವ ಫೋರ್ಟ್ ಆಡಮ್ಸ್ ಎಂಬ ಹಳೆಯ ಕಲ್ಲುಕೋಟೆಯ ಬಯಲಿನಲ್ಲಿ. ಅಲ್ಲಿ ಈಗ ಮಧ್ಯರಾತ್ರಿಯ ಕಚೇರಿಗಳಿಲ್ಲ. ಹಗಲಿನಲ್ಲಿಯೇ ವೇದಿಕೆ ಸಜ್ಜಾಗುತ್ತದೆ. ಟಿಕೆಟ್ ಕೊಳ್ಳದ ಜಾಣರು ದೋಣಿಗಳನ್ನು ಕೋಟೆಯ ಬದಿಗೆ ತಂದು ಲಂಗರು ಹಾಕಿ, ನೀರಿನ ಮೇಲಿಂದಲೇ ಕೇಳುತ್ತಾರೆ. ಗಾಳಿ ಇತ್ತ ಬೀಸಿದಾಗ ಕಹಳೆಗಳು ಹತ್ತಿರವಾಗುತ್ತವೆ. ಅತ್ತ ತಿರುಗಿದಾಗ ಬರೀ ಡ್ರಮ್ಮು.

ಊರಿನೊಳಗಿನ ಫ್ರೀಬಾಡಿ ಪಾರ್ಕ್ ಮತ್ತೆ ಆಟದ ಬಯಲಾಗಿದೆ. ಬೆಲ್‌ವ್ಯೂ ರಸ್ತೆಯ ಮಹಲುಗಳನ್ನು ನೋಡಲು ಸಾಲುಗಟ್ಟಿದ ಪ್ರವಾಸಿಗಳಲ್ಲಿ ಇತ್ತ ತಿರುಗುವವರು ಕಡಿಮೆ. ಸಂಜೆಯ ಹೊತ್ತು ಹುಡುಗರು ಅಲ್ಲಿ ಚೆಂಡಾಡುತ್ತಾರೆ. ಒಬ್ಬನ ಹೊಡೆತಕ್ಕೆ ಉಳಿದವರು ಕೂಗುತ್ತಾರೆ. ಕತ್ತಲಾದ ಮೇಲೆ ಕಡಲ ಮಂಜು ಬೀದಿಗಳನ್ನು ದಾಟಿ ಬಯಲಿಗೂ ಬರುತ್ತದೆ.